ಗೌರವ್ವನ ಪುಟ

ನಾನು ಗಿರಾಕಿಗಳ ಖಾತೆ ಪುಸ್ತಕ. ಹುಬ್ಬಳ್ಳಿಯ ಒಂದು ಬೈಂಡಿಂಗ್ ಅಂಗಡಿಯಲ್ಲಿ ಕೆಂಪು ಬಟ್ಟೆಯ ರಟ್ಟು ಹೊದ್ದು ಹುಟ್ಟಿದೆ. ನನ್ನ ಜೊತೆಗೇ ಹುಟ್ಟಿದ ದಪ್ಪ ಅಣ್ಣನೊಬ್ಬನಿದ್ದ, ಮುಖ್ಯ ಖಾತೆ ಪುಸ್ತಕ. ದೀಪಾವಳಿಯ ಪೂಜೆಗೆ ಇಬ್ಬರೂ ಗುಳೇದಗುಡ್ಡದ ಈರಸಂಗಪ್ಪನ ನೂಲಿನ ಅಂಗಡಿ ಸೇರಿದೆವು.

ಅಣ್ಣ ಈರಸಂಗಪ್ಪನ ಕೈಗೆ ಹೋದ. ನಾನು ಅವನ ಹೆಂಡತಿ ನೀಲವ್ವನ ಮಡಿಲಿಗೆ ಬಂದೆ. ಉದ್ದರಿ ನೂಲು ಒಯ್ಯುವ ನೇಕಾರರಿಗೆ ನನ್ನಲ್ಲಿ ಒಬ್ಬೊಬ್ಬರಿಗೊಂದು ಪುಟ. ಅಣ್ಣನಲ್ಲಿ ಅವರೆಲ್ಲ ಸೇರಿ ಒಂದೇ ಸಾಲು, 'ಗಿರಾಕಿಗಳ ಬಾಕಿ'. ತಿಂಗಳ ಕೊನೆಗೆ ನನ್ನ ಪುಟಗಳ ಬಾಕಿಯನ್ನೆಲ್ಲ ಕೂಡಿಸಿದರೆ ಆ ಒಂದು ಸಾಲಿಗೆ ತಾಳೆಯಾಗಬೇಕು.

ನನ್ನಲ್ಲೊಂದು ಪುಟ ನೀಲವ್ವನ ಒಡಹುಟ್ಟಿದ ತಂಗಿ ಗೌರವ್ವನದು. ಅವಳು ಗಂಡ ರುದ್ರಪ್ಪನ ಜೊತೆ ಕುಪ್ಪಸದ ಖಣ ನೇಯುತ್ತಿದ್ದಳು. ನೂಲಿಗೆ ಬಂದರೆ ಅಕ್ಕ-ತಂಗಿಯ ಮಾತು ಮುಗಿಯುತ್ತಿರಲಿಲ್ಲ. ಬರೆಯುವುದನ್ನು ಮರೆತು ನಗುತ್ತ ಕೂತುಬಿಡುತ್ತಿದ್ದರು.

ಆ ವರ್ಷ ಖಣ ಕೇಳುವವರೇ ಇಲ್ಲದಾಯಿತು. ಅಣ್ಣನ ಸಾಲು ಉಬ್ಬಿತು. ಹೆಸರಿಲ್ಲದ ಆ ಮೊತ್ತವನ್ನು ನೋಡಿ ಈರಸಂಗಪ್ಪ ಕಟ್ಟಪ್ಪಣೆ ಮಾಡಿದ: "ಹಿಂದಿನ ಬಾಕಿ ಮುಟ್ಟೂತನಕ ಯಾರಿಗೂ ಒಂದ್ ಎಳಿ ಸುದ್ದಾ ಕೊಡಬ್ಯಾಡ."

ಮರುದಿನವೇ ಗೌರವ್ವ ಬಂದಳು. ಅಂಗಡಿ ತುಂಬ ನೇಕಾರರಿದ್ದರು.

"ಅಕ್ಕಾ, ಮಗ್ಗ ಬರಿದ ನಿಂತೈತಿ. ಇದೊಂದ ಸಲ ಕೊಡು."

ನೀಲವ್ವ ತಲೆಯೆತ್ತಲಿಲ್ಲ. ಎಲ್ಲರಿಗೂ ಹೇಳಿದ್ದನ್ನೇ ಅವಳಿಗೂ ಹೇಳಿದಳು: "ಹಿಂದಿಂದು ಮುಟ್ಟಿಸಿ ಒಯ್ಯವಾ."

ಗೌರವ್ವ ಸೆರಗು ಹೊದ್ದುಕೊಂಡು ಕಟ್ಟೆ ಇಳಿದಳು. ತಿಂಗಳೊಳಗೆ ಗಂಡ-ಹೆಂಡತಿ ಇಚಲಕರಂಜಿಯ ಪವರ್‌ಲೂಮ್ ಕೆಲಸಕ್ಕೆ ಊರು ಬಿಟ್ಟರು.

ಸುದ್ದಿ ಕೇಳಿದ ದಿನ ನೀಲವ್ವ ತವರಿನ ಚಿನ್ನದ ಪಾಟ್ಲಿ ಬಳೆ ಮಾರಿ ತಂಗಿಯ ಬಾಕಿಯನ್ನೆಲ್ಲ ಜಮಾ ಮಾಡಿದಳು. ತಂಗಿಗೆ ಮಾತ್ರ ಹೇಳಿಕಳಿಸಲಿಲ್ಲ. "ಸಿಟ್ಟ ಇಳದ ಮ್ಯಾಲೆ ತಾನ ಬರ್ತಾಳ. ಆವಾಗ ತೋರಸ್ತೀನಿ" ಎಂದಳು ಗಂಡನಿಗೆ. ಹೆಣ್ಣುಮಕ್ಕಳು ತವರಿಗೆ ಬರುವ ಪಂಚಮಿ ಬಂತು, ಹೋಯಿತು. ಗೌರವ್ವ ಬರಲಿಲ್ಲ.

ದಸರೆ ಮುಗಿದ ಮೇಲೆ ರುದ್ರಪ್ಪ ಬಂದ, ಒಬ್ಬನೇ. ಕೈಯಲ್ಲಿ ದುಡ್ಡಿನ ಗಂಟಿತ್ತು.

"ಗೌರವ್ವ ಕಾಮಣಿ ಬ್ಯಾನಿ ಆಗಿ ತೀರಿ ಹ್ವಾದ್ಲ್ರೀ ಅಕ್ಕಾರ. ಬಾಕಿ ಮುಟ್ಟಿಸೂತನಕ ಅಕ್ಕಗ ಹೆಂಗ ಮಾರಿ ತೋರಸ್ಲಿ ಅಂತ, ಉಣ್ಣೂದ ಬಿಟ್ಟು ಕೂಡಿಸಿಟ್ಟಿದ್ಲು."

ನೀಲವ್ವ ನನ್ನನ್ನು ತೆರೆದಳು. ರುದ್ರಪ್ಪನಿಗೆ ಓದು ಬಾರದು.

"ಏನ ಬರದೈತ್ರಿ?"

"ಬಾಕಿ ಇಲ್ಲಪಾ. ಆಕಿ ಊರ ಬಿಟ್ಟಾಗನ ತೀರಿಸೀನಿ."

"ಒಂದ ಮಾತ ಹೇಳಿಕಳಿಸಬೇಕಿತ್ತಲ್ರೀ ಅಕ್ಕಾರ" ಎಂದು ರುದ್ರಪ್ಪ ಗಂಟನ್ನು ನನ್ನ ಮೇಲೆಯೇ ಇಟ್ಟು ಹೋದ.

ಆ ದುಡ್ಡನ್ನು ಯಾವ ಪುಟಕ್ಕೂ ಬರೆಯಲು ನೀಲವ್ವನ ಕೈ ಏಳಲಿಲ್ಲ. ಆಮೇಲೆ ಅವಳು ಲೆಕ್ಕಕ್ಕೇ ಕೂರಲಿಲ್ಲ.

ಈಗ ನಾನು ಅಟ್ಟದ ಮೂಲೆಯಲ್ಲಿದ್ದೇನೆ. ರಟ್ಟನ್ನು ಇಲಿ ಕಡಿದಿದೆ. ಯಾರು ಎಷ್ಟು ಒಯ್ದರು, ಎಷ್ಟು ತಂದರು, ಎಲ್ಲ ನನ್ನಲ್ಲಿದೆ. ಬಾಯಿ ಒಂದಿಲ್ಲ. ಇದ್ದಿದ್ದರೆ ಬಾಕಿ ಜಮಾ ಆದ ದಿನವೇ ಇಚಲಕರಂಜಿಗೆ ಕೇಳುವ ಹಾಗೆ ಕೂಗುತ್ತಿದ್ದೆ: ಬಾರೇ ಗೌರವ್ವಾ, ನಿನ್ನ ಬಾಕಿ ಏನೂ ಇಲ್ಲ.