ಎಂಬತ್ತು ಸಾವಿರ ಮೈಲಿಯ ಆಸೆ

"ಇಷ್ಟು ದೂರ ಹೋಗಿ ಯಾಕಾದ್ರೂ ಮನೆ ಮಾಡಿದ್ಲೋ ಇವಳು?"

ಅಡುಗೆಮನೆಯಲ್ಲಿ ಮಾರ್ಲಿಸ್ ಒಬ್ಬಳೇ ಇದ್ದಳು. ಕೇಳಿದ್ದು ಯಾರನ್ನೂ ಅಲ್ಲ. ತಮ್ಮೂರು ಡುಲೂತ್‌ನಿಂದ ಆಂಕರೇಜ್‌ಗೆ ವಿಮಾನದ ದರ ಫೋನಿನಲ್ಲಿ ಕಾಣುತ್ತಿತ್ತು. ಇಬ್ಬರು ಹೋಗಿಬರಲು ಸಾವಿರದ ಆರುನೂರು ಡಾಲರ್. ಅಲಾಸ್ಕದ ಆ ಊರಿನಲ್ಲಿ ಅವಳ ಅಕ್ಕ ಆರ್ಡಿಸ್ ಹಾಸಿಗೆ ಹಿಡಿದಿದ್ದಳು. ಏಪ್ರಿಲ್‌ನ ಈಸ್ಟರ್‌ವರೆಗೆ ಇರಬಹುದು ಎಂದಿದ್ದರು ವೈದ್ಯರು. ಆಗಿನ್ನೂ ನವೆಂಬರ್.

ಚಿಕ್ಕಂದಿನಲ್ಲಿ ಅಕ್ಕ ತಂಗಿ ಮಲಗುವ ಮುಂಚೆ ಬೈಬಲಿನ ಒಂದು ಕೀರ್ತನೆ ಹೇಳುತ್ತಿದ್ದರು. ಒಂದು ಸಾಲು ಅಕ್ಕನದು, ಮುಂದಿನದು ತಂಗಿಯದು. ಈಗ ಭಾನುವಾರಗಳಲ್ಲಿ ಫೋನಿನಲ್ಲೇ ಅದನ್ನು ಹೇಳುತ್ತಿದ್ದರು. ಆರ್ಡಿಸ್‌ಗೆ ಸಾಲಿನ ನಡುವೆ ಉಸಿರು ಸಾಲದಾಗುತ್ತಿತ್ತು. ಸಾಲು ಮುಗಿಯಿತೋ, ಕರೆ ಕಡಿದುಹೋಯಿತೋ ತಿಳಿಯದೆ ಮಾರ್ಲಿಸ್ ಕಾಯುತ್ತಿದ್ದಳು. ಪಕ್ಕದಲ್ಲಿ ಕೂತಿದ್ದರೆ ಮುಖ ನೋಡಿ ತಿಳಿಯಬಹುದು. ಅವಳಿಗೆ ಬೇಕಿದ್ದುದು ಅಷ್ಟೇ.

ಮನೆಯಲ್ಲಿ ಹಣ ಇಲ್ಲವೆಂದಲ್ಲ. ಚಾವಣಿ ರಿಪೇರಿಗೆಂದು ಎತ್ತಿಟ್ಟದ್ದು ಎರಡು ಸಾವಿರ ಇತ್ತು. ಆದರೆ ಅದಿರು ಸಾಗಿಸುವ ಬಂದರಿನಲ್ಲಿ ಕೆಲಸ ಮಾಡುವ ಗಂಡ ವೆಂಡೆಲ್ ಒಂದು ಸುದ್ದಿ ತಂದಿದ್ದ. ಅವನ ಜೊತೆಯವನೊಬ್ಬ ಹೊಸ ಕ್ರೆಡಿಟ್ ಕಾರ್ಡ್ ಮಾಡಿಸಿ, ಹೆಂಡತಿಯನ್ನು ಪುಕ್ಕಟೆಯಾಗಿ ಹವಾಯಿಗೆ ಕರೆದುಕೊಂಡು ಹೋಗಿದ್ದನಂತೆ. ಮೂರು ತಿಂಗಳಲ್ಲಿ ನಾಲ್ಕು ಸಾವಿರ ಡಾಲರ್ ಖರ್ಚು ಮಾಡಿದರೆ ಎಂಬತ್ತು ಸಾವಿರ ಮೈಲಿ ಬೋನಸ್, ಅಂದರೆ ವಿಮಾನದ ಟಿಕೆಟಿಗೆ ದುಡ್ಡಿನ ಬದಲು ಕೊಡಬಹುದಾದ ಅಂಕ. ಅಷ್ಟು ಮೈಲಿ ಕೂಡಿದರೆ ಇಬ್ಬರ ಟಿಕೆಟ್‌ಗೂ ಸಾಕಾಗುತ್ತಿತ್ತು.

ಪಕ್ಕದ ಮನೆಯ ಐಲಿ ಊರಿನ ಸಹಕಾರಿ ಬ್ಯಾಂಕಿನ ಕೌಂಟರಿನಲ್ಲಿ ಇಪ್ಪತ್ತು ವರ್ಷ ಕೂತವಳು. ಕಾಫಿಗೆ ಬಂದವಳ ಮುಂದೆ ಮಾರ್ಲಿಸ್ ಕಾರ್ಡಿನ ಕಾಗದ ಇಟ್ಟಳು.

"ತಿಂಗಳಿಗೆ ಮನೆ ಖರ್ಚು ಎಷ್ಟಾಗುತ್ತೆ ನಿಮ್ಗೆ?" ಐಲಿ ಕೇಳಿದಳು.

"ಒಂಬೈನೂರೈವತ್ತು."

"ಮೂರು ತಿಂಗಳು ಸೇರಿದ್ರೂ ಮೂರು ಸಾವಿರ ಮುಟ್ಟಲ್ಲ. ಉಳಿದಿದ್ದಕ್ಕೆ ಏನು ಮಾಡ್ತೀಯ? ಬೇಡದ ಸೋಫಾ ತಂದು ಕೂರಿಸ್ತೀಯಾ?"

ಮೋಡವಿಲ್ಲದಿದ್ದರೂ ಮಳೆಗೆಂದು ಕೊಡೆ ಹಿಡಿಯುವವಳು ನಮ್ಮ ಐಲಿ ಎಂದು ಅಲ್ಲೇ ಕೂತಿದ್ದ ವೆಂಡೆಲ್ ಛೇಡಿಸಿದ. ಐಲಿ ಬೇಸರ ಮಾಡಿಕೊಳ್ಳಲಿಲ್ಲ. ತನ್ನ ಹತ್ತಿರವೂ ಅಂಥದೊಂದು ಕಾರ್ಡ್ ಇದೆ, ಬೇಸಿಗೆಯಲ್ಲಿ ಮೊಮ್ಮಕ್ಕಳನ್ನು ನೋಡಲು ಹೋಗುವುದು ಅದರ ಮೈಲಿಯಲ್ಲೇ ಎಂದಳು. ಬೋನಸ್ ಚಿಕ್ಕದು, ಆದರೆ ದಿನಸಿ ಮತ್ತು ಕರೆಂಟ್ ಬಿಲ್ಲಿನಲ್ಲೇ ಗುರಿ ಮುಟ್ಟುವಂಥದು. ಬಿಲ್ಲನ್ನು ಪ್ರತಿ ತಿಂಗಳು ಪೂರ್ತಿ ಕಟ್ಟುತ್ತಾಳೆ. ಒಂದು ತಿಂಗಳು ಉಳಿಸಿಕೊಂಡರೂ ಬಡ್ಡಿ ಬಂದು ಬೋನಸ್ಸನ್ನು ತಿನ್ನುತ್ತದೆ. ದಿನ ಎಣಿಸುವುದು ಕಾರ್ಡ್ ಕೈಗೆ ಬಂದ ದಿನದಿಂದಲ್ಲ, ಬ್ಯಾಂಕು ಒಪ್ಪಿಗೆ ಕೊಟ್ಟ ದಿನದಿಂದ. ಕಾರ್ಡಿನ ವಾರ್ಷಿಕ ಶುಲ್ಕವನ್ನು ಖರ್ಚಿನಲ್ಲಿ ಸೇರಿಸುವುದಿಲ್ಲ. ಗುರಿ ಮುಟ್ಟಿದ ಮರುದಿನವೇ ಮೈಲಿ ಬಂದು ಬೀಳುವುದೂ ಇಲ್ಲ. ಇಷ್ಟನ್ನೂ ನಿಧಾನವಾಗಿ ಹೇಳಿ, ಕಾಗದವನ್ನು ಮಡಚಿ ಮಾರ್ಲಿಸ್ ಕಡೆ ಸರಿಸಿದಳು.

"ಈ ಬೋನಸ್ಸು ಕಾಯೋಕಾಗೋ ಪ್ರಯಾಣಕ್ಕೆ ಕಣೇ. ನನ್ನ ಮೊಮ್ಮಕ್ಕಳು ಮುಂದಿನ ಬೇಸಿಗೆಗೂ ಇರ್ತಾವೆ. ಆರ್ಡಿಸ್ ಇರ್ತಾಳಾ? ಚಾವಣಿ ಇನ್ನೊಂದು ವರ್ಷ ಸೋರಲಿ ಬಿಡು. ಇರೋ ದುಡ್ಡು ತಗೊಂಡು ಈಗ್ಲೇ ಹೋಗು."

"ಡಾಕ್ಟ್ರು ಈಸ್ಟರ್ ಅಂದಿದಾರಲ್ಲ," ಎಂದ ವೆಂಡೆಲ್. "ಫೆಬ್ರವರಿಗೆ ಮೈಲಿ ಬರುತ್ತೆ, ಮಾರ್ಚಿಗೆ ಹೋದ್ರಾಯ್ತು. ಚಾವಣಿ ದುಡ್ಡೂ ಉಳಿಯುತ್ತೆ."

ಮಾರ್ಲಿಸ್‌ಗೂ ಅದೇ ಸರಿ ಅನ್ನಿಸಿತು. ಹಾಗೆ ಅನ್ನಿಸಲಿ ಎಂದು ಅವಳ ಮನಸ್ಸೂ ಬಯಸಿತ್ತು.

ಕಾರ್ಡ್ ಬಂತು. ಸಾಬೂನಿನಿಂದ ಹಿಡಿದು ಕಾರಿನ ಎಣ್ಣೆಯವರೆಗೆ ಎಲ್ಲವನ್ನೂ ಅದರಲ್ಲೇ ಕೊಂಡರು. ಉಳಿದ ಸಾವಿರ ಚಿಲ್ಲರೆ ಡಾಲರಿಗೆ ಮಾರ್ಲಿಸ್ ಒಂದು ದಾರಿ ಹುಡುಕಿಕೊಂಡಿದ್ದಳು. ಫೆಬ್ರವರಿಯ ಮೊದಲ ಶನಿವಾರ ಅವರ ಚರ್ಚಿನಲ್ಲಿ ಮೀನಿನ ಊಟ. ಊರಿಗೆ ಊರೇ ಟಿಕೆಟ್ ಕೊಂಡು ನೆಲಮಾಳಿಗೆಯ ಬೆಂಚುಗಳಲ್ಲಿ ಕೂತು ಉಣ್ಣುತ್ತದೆ. ಅದರ ಅಡುಗೆಯ ಉಸ್ತುವಾರಿ ಅವಳದೇ. ಮೀನು, ಹಂದಿಮಾಂಸ ಎಲ್ಲ ಒಬ್ಬನೇ ವ್ಯಾಪಾರಿಯಿಂದ, ಸೇರಿ ಸಾವಿರದ ಮುನ್ನೂರು ಡಾಲರ್. ಅದನ್ನು ತನ್ನ ಕಾರ್ಡಿನಲ್ಲಿ ಕಟ್ಟಿ, ಚರ್ಚಿನಿಂದ ಅಷ್ಟಕ್ಕೂ ಚೆಕ್ ತೆಗೆದುಕೊಂಡಳು. ಯಾರಿಗೂ ಒಂದು ಪೈಸೆ ನಷ್ಟವಿಲ್ಲ. ಗುರಿ ದಾಟಿತು. ಆ ಭಾನುವಾರ ಅಕ್ಕನಿಗೆ, ಮಾರ್ಚ್ ಮೊದಲ ವಾರ ಬರ್ತೀನಿ ಕಣೇ ಎಂದು ಹೇಳಿದಳು.

ಊಟದ ಹಿಂದಿನ ದಿನ ಹಿಮಗಾಳಿ ಎದ್ದಿತು. ಎರಡು ದಿನ ರಸ್ತೆ ಮುಚ್ಚಿತು, ಕರೆಂಟ್ ಹೋಯಿತು, ಊಟ ನಿಂತಿತು. ಮೀನಿನ ವ್ಯಾಪಾರಿ ಒಳ್ಳೆಯ ಮನುಷ್ಯ. ಕಳಿಸದೆ ಉಳಿದ ಸರಕಿಗೆ ಹಣ ಇಟ್ಟುಕೊಳ್ಳಲಾರೆ ಎಂದು ಅಷ್ಟನ್ನೂ ಅದೇ ಕಾರ್ಡಿಗೆ ಹಿಂದಿರುಗಿಸಿದ. ಮಾರ್ಲಿಸ್ ಚೆಕ್ಕನ್ನು ಚರ್ಚಿಗೆ ಮರಳಿಸಿ ಕೈ ತೊಳೆದುಕೊಂಡಳು. ಕಾರ್ಡ್ ಉಜ್ಜಿದ ಮೇಲೆ ಉಜ್ಜಿದ್ದೇ, ಖರ್ಚು ಖರ್ಚೇ ಎಂಬುದು ಅವಳ ತಿಳಿವಳಿಕೆ.

ಹತ್ತು ದಿನ ಕಳೆದರೂ ಮೈಲಿ ಬರಲಿಲ್ಲ. ಕೊನೆಗೆ ಬ್ಯಾಂಕಿಗೆ ಫೋನ್ ಮಾಡಿದಳು. ಆ ಕಡೆಯ ಹುಡುಗಿ ಬಹಳ ಮರ್ಯಾದೆಯಿಂದ ಮಾತಾಡಿದಳು. ಹಿಂದಿರುಗಿದ ಹಣವನ್ನು ಖರ್ಚಿನಿಂದ ಕಳೆಯುತ್ತಾರಂತೆ. ಸಾವಿರದ ನೂರೈವತ್ತು ಕಡಿಮೆ ಬಿದ್ದಿದೆಯಂತೆ. ತೊಂಬತ್ತು ದಿನ ಹಿಂದಿನ ವಾರವೇ ಮುಗಿದಿತ್ತು.

"ಹಿಮ ಬಿದ್ದಿದ್ದು ನನ್ನ ತಪ್ಪೇನಮ್ಮಾ?"

"ಅಲ್ಲ ಮೇಡಂ. ಆದ್ರೆ ವಾಪಸ್ ಬಂದ ದುಡ್ಡನ್ನ ಖರ್ಚು ಅಂತ ಹಿಡಿಯೋಕೆ ನಮ್ಗೆ ಬರಲ್ಲ."

ಆ ಮಾತು ಕರಾರಿನ ನಾಲ್ಕನೇ ಪುಟದಲ್ಲಿ ಅಚ್ಚಾಗಿತ್ತು. ಅಷ್ಟು ದೂರ ಮಾರ್ಲಿಸ್ ಓದಿರಲಿಲ್ಲ.

ಆ ಭಾನುವಾರ ಫೋನಿನಲ್ಲಿ ಆರ್ಡಿಸ್ ಒಂದು ಸಾಲನ್ನೂ ಹೇಳಲಿಲ್ಲ. ಮಾರ್ಲಿಸ್ ತನ್ನ ಸಾಲುಗಳನ್ನು ಹೇಳಿ, ಅಕ್ಕನ ಸಾಲುಗಳಿಗೆ ಜಾಗ ಬಿಟ್ಟು, ಉಸಿರು ಕೇಳುತ್ತ ಕೂತಳು. ಸೋಮವಾರ ವೆಂಡೆಲ್ ತಾನಾಗಿಯೇ ಚಾವಣಿಯ ಹಣ ತೆಗೆದು ಗುರುವಾರಕ್ಕೆ ಟಿಕೆಟ್ ಕೊಂಡ. ಮಂಗಳವಾರ ಬೆಳಿಗ್ಗೆ ಆರ್ಡಿಸ್‌ಳ ಮಗ ಫೋನ್ ಮಾಡಿದ. ಅಮ್ಮ ಹೋದಳು ಎಂದ.

ಐಲಿ ಮಾಂಸ, ಆಲೂಗಡ್ಡೆ ಹಾಕಿ ಬೇಯಿಸಿದ ಬಿಸಿ ಹಾಟ್‌ಡಿಶ್ ಪಾತ್ರೆ ಹಿಡಿದು ಬಂದಳು. ಮೇಜಿನ ಮೇಲೆ ಇಟ್ಟು, ಸಿಂಕಿನಲ್ಲಿ ಬಿದ್ದಿದ್ದ ಲೋಟಗಳನ್ನು ತೊಳೆಯಲು ನಿಂತಳು.

"ನೀನು ಹೇಳಿದ್ದೆ," ಎಂದ ವೆಂಡೆಲ್. "ನಾನೇ ಕೇಳ್ಲಿಲ್ಲ."

"ಈಗ ಅದೆಲ್ಲ ಯಾಕೆ, ವೆಂಡೆಲ್. ಅವಳಿಗೆ ಎರಡು ತುತ್ತು ತಿನ್ಸು."

ಇದನ್ನು ಓದುತ್ತಿರುವವರೇ, ಕೂಡಿ ಕೂತು ಕೇಳುತ್ತಿರುವವರೇ, ಕಾರ್ಡಿನ ಮೇಲೆ ದ್ವೇಷ ಬೇಡ. ಮನೆಯ ಮಾಮೂಲಿ ಖರ್ಚಿನಲ್ಲೇ ಗುರಿ ಮುಟ್ಟುವುದಾದರೆ, ತಿಂಗಳ ಬಿಲ್ಲನ್ನು ಪೂರ್ತಿ ಕಟ್ಟುವ ಶಕ್ತಿ ನಿಮಗಿದ್ದರೆ, ಧಾರಾಳವಾಗಿ ತೆಗೆದುಕೊಳ್ಳಿ. ಕರಾರನ್ನು ಕೊನೆಯ ಪುಟದವರೆಗೂ ಓದಿ. ಅರ್ಥವಾಗದಿದ್ದರೆ ಬಲ್ಲವರಿಂದ ಓದಿಸಿ. ವಾಪಸ್ ಬರಬಹುದಾದ ಖರ್ಚನ್ನು ಎಣಿಕೆಗೆ ಹಿಡಿಯಬೇಡಿ. ಎಲ್ಲಕ್ಕಿಂತ ಮೊದಲು, ಯಾರನ್ನು ನೋಡಲು ಹೊರಟಿದ್ದೀರಿ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಅವರು ಕಾಯಲಾರದವರಾದರೆ ಬೋನಸ್ಸಿಗೆ ಕಾಯಬೇಡಿ. ಕೈಯಲ್ಲಿರುವ ಹಣದಲ್ಲಿ ಇವತ್ತೇ ಹೊರಡಿ.

ಗುರುವಾರದ ವಿಮಾನದಲ್ಲಿ ಮಾರ್ಲಿಸ್ ಕಿಟಕಿಯ ಪಕ್ಕ ಕೂತಿದ್ದಳು. ಕಪ್ಪು ಕೋಟು ಮಡಿಲಲ್ಲಿತ್ತು. ಕೆಳಗೆ ಬಿಳಿಯ ಬಯಲು ಮುಗಿಯುತ್ತಲೇ ಇರಲಿಲ್ಲ. ಕೀರ್ತನೆಯ ಅಕ್ಕನ ಸಾಲುಗಳನ್ನೂ ಈಗ ತಾನೇ ಹೇಳಿಕೊಳ್ಳಬೇಕು. ಹೇಳಲು ನೋಡಿದಳು. ತನ್ನ ಸಾಲು ಮಾತ್ರ ಬಾಯಿಗೆ ಬಂತು.

ಪರಿಚಾರಿಕೆ ಸಾಲು ಸಾಲಾಗಿ ಅರ್ಜಿ ಹಂಚುತ್ತ ಬಂದು ವೆಂಡೆಲ್‌ನ ಪಕ್ಕ ಬಗ್ಗಿದಳು. ಈ ಕಂಪನಿಯ ಹೊಸ ಕಾರ್ಡಂತೆ. ಇವತ್ತು ಇಲ್ಲೇ ತುಂಬಿಕೊಟ್ಟವರಿಗೆ ತೊಂಬತ್ತು ಸಾವಿರ ಮೈಲಿಯಂತೆ.

"ಒಂದು ಸಹಿ ಅಷ್ಟೇ ಸರ್. ಹಾಕಿಕೊಡ್ತೀರಾ?"

"ಇಲ್ಲ," ಎಂದ ವೆಂಡೆಲ್.