ಸಂಜೆ ಏಳರ ವೇಗ

ಕಟ್ಟಡ ಸಮಿತಿಯ ಮುಖ್ಯಸ್ಥ ಮೈರಂಬೆಕ್ ಮೆಟ್ಟಿಲ ಬುಡದಲ್ಲಿ ನಿಂತು ಭಾಷಣ ಶುರುಮಾಡಿದಾಗ ಜೂರಾ ಕೈಯಲ್ಲಿದ್ದ ಆಲೂಗಡ್ಡೆ ಚೀಲವನ್ನು ಕೆಳಗಿಡಲೂ ಇಲ್ಲ. ಚೀಲ ಇಳಿಸಿ ನಿಂತು ಕೇಳುವಂಥ ಮಾತು ಹನ್ನೆರಡು ವರ್ಷದಲ್ಲಿ ಆ ಮನುಷ್ಯನ ಬಾಯಿಂದ ಒಂದೂ ಬಂದಿರಲಿಲ್ಲ. ಅವನ ಪಕ್ಕದಲ್ಲಿ ಮಿರುಗುವ ಜಾಕೆಟ್ಟಿನ ಮಾರಾಟಗಾರನೊಬ್ಬ ಬಿಳಿ ಡಬ್ಬಿಯನ್ನು ಎದೆಗವಚಿಕೊಂಡು ನಿಂತಿದ್ದ.

"ತಂತಿ ಬೇಡ, ಗೋಡೆ ಕೊರೆಯೋದು ಬೇಡ," ಎಂದ ಮಾರಾಟಗಾರ. "ಪ್ಲಗ್‌ಗೆ ಹಾಕಿದ್ರೆ ಮುಗೀತು, ಮನೆಗೆ ಇಂಟರ್ನೆಟ್. ಮುನ್ನೂರು ಮೆಗಾಬಿಟ್‌ವರೆಗೆ!"

ನೆರೆಹೊರೆಯವರೆಲ್ಲ ತಲೆದೂಗಿದರು. ಮೆಗಾಬಿಟ್ ಎಂದರೆ ತಿನ್ನುವುದೋ ಉಡುವುದೋ ಅವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ ಎಂದು ಜೂರಾ ಬರೆದುಕೊಡಬಲ್ಲವಳಾಗಿದ್ದಳು.

"'ವರೆಗೆ' ಅಂದ್ರೆ ಏನು?" ಎಂದು ಕೇಳಿದಳು.

"ಅಂದ್ರೆ... ಮುನ್ನೂರು, ಎಜೆ." ಹಿರಿಯ ಹೆಂಗಸೆಂದು ಅವನು 'ಎಜೆ', ಅಕ್ಕ, ಎಂದು ಮರ್ಯಾದೆಯಿಂದಲೇ ಕರೆದ.

"ಈ ಚೀಲದಲ್ಲಿ ಹತ್ತು ಕಿಲೋವರೆಗೆ ಆಲೂಗಡ್ಡೆ ಇದೆ ಅಂತ ಬಜಾರಿನಲ್ಲಿ ಹೇಳಿದ್ರೆ ತಗೋತೀಯಾ ತಮ್ಮಾ? ಹೋಗ್ಲಿ, ಕಳಿಸೋ ವೇಗ ಎಷ್ಟು? ನಮ್ಮನೆಯಿಂದ ಹೊರಗೆ ಹೋಗೋದು?"

ಅವನು ಕಣ್ಣು ಪಿಳಿಪಿಳಿ ಬಿಟ್ಟ. "ಇಂಟರ್ನೆಟ್ ಮನೆಗೆ ಬರೋದಲ್ವಾ ಎಜೆ? ಹೊರಗ್ಯಾಕೆ ಹೋಗ್ಬೇಕು?"

ಎಲ್ಲರೂ ನಕ್ಕರು, ಅವಳನ್ನು ನೋಡಿ. "ಜೂರಾ ಎಜೆ ಇನ್ನೂ ಟೆಲಿಫೋನ್ ಕಾಲದಲ್ಲೇ ಇದಾರೆ, ಬಿಡಿ," ಎಂದ ಮೈರಂಬೆಕ್. ಮೂವತ್ತೊಂದು ವರ್ಷ ಇದೇ ಕರಕೋಲ್ ಊರಿನ ಟೆಲಿಫೋನ್ ಕೇಂದ್ರದಲ್ಲಿ ಕಂಬ ಹತ್ತಿ ಇಳಿದವಳು ಜೂರಾ. ಇವರೆಲ್ಲ ಫೋನಿನ ಯಾವ ಕಡೆಗೆ ಮಾತಾಡಬೇಕೆಂದು ಹುಡುಕುತ್ತಿದ್ದಾಗ ಲೈನು ಎಳೆದುಕೊಟ್ಟವಳೂ ಅವಳೇ. ಉತ್ತರ ಕೊಡುವಷ್ಟು ಬೆಲೆಯೂ ಆ ನಗುವಿಗಿಲ್ಲವೆಂದು ಮೆಟ್ಟಿಲು ಹತ್ತಿದಳು.

ಕಳಿಸುವ ವೇಗ ಅವಳಿಗೆ ಬೇಕಾದದ್ದು ತಂಗಿಗಾಗಿ. ನಾರಿನ್ ಊರಿನಲ್ಲಿ ಉಣ್ಣೆ ಕಂಬಳಿಗೆ ಚಿತ್ತಾರ ಕತ್ತರಿಸುವ ಉಪೆಲ್, ನಾಲ್ಕನೇ ವಯಸ್ಸಿನಲ್ಲಿ ಜ್ವರ ಬಂದು ಕಿವಿ ಕಳೆದುಕೊಂಡವಳು. ಅಕ್ಕತಂಗಿಯರದು ಕೈಮಾತು, ಫೋನಿನಲ್ಲಿ ಮುಖ ನೋಡಿಕೊಂಡು. ಜೂರಾಳ ಮನೆಯಲ್ಲಿದ್ದದ್ದು ಹಳೇ ಟೆಲಿಫೋನ್ ತಂತಿಯ ಇಂಟರ್ನೆಟ್. ಉಪೆಲಳ ಕೈ ಇಲ್ಲಿಗೆ ಚೆನ್ನಾಗಿ ಕಾಣುತ್ತಿತ್ತು. ಜೂರಾಳ ಕೈ ಅಲ್ಲಿಗೆ ತಲುಪುವಷ್ಟರಲ್ಲಿ ಗಾಳಿಯಲ್ಲಿ ಹೆಪ್ಪುಗಟ್ಟುತ್ತಿತ್ತು. ಹೋದ ತಿಂಗಳು ಸೋದರಮಾವ ಹಸು ಕೊಂಡ ಎಂದು ಇವಳು ಹೇಳಿದ್ದಕ್ಕೆ, ಹೆಂಡತಿಯನ್ನು ಬಿಟ್ಟ ಎಂದು ತಿಳಿದು ಉಪೆಲ್ ಅತ್ತೆಗೆ ಸಮಾಧಾನದ ಸಂದೇಶ ಕಳಿಸಿಬಿಟ್ಟಿದ್ದಳು. ಅತ್ತೆ ಇವತ್ತಿಗೂ ಇಬ್ಬರ ಜೊತೆಗೂ ಮಾತಾಡುತ್ತಿರಲಿಲ್ಲ.

ಮೂರು ದಿನದ ಮೇಲೆ ಮೈರಂಬೆಕ್ ಒಪ್ಪಂದದ ಹಾಳೆ ಹಿಡಿದು ಬಂದ. ಹದಿನಾಲ್ಕು ಮನೆಯವರು ಎರಡು ವರ್ಷಕ್ಕೆ ಸಹಿ ಹಾಕಿದ್ದರು. ಹಿಂಬದಿಯ ಸಣ್ಣ ಅಕ್ಷರ ಓದಿದ ಗುರುತು ಯಾವ ಸಹಿಯಲ್ಲೂ ಇರಲಿಲ್ಲ. ಎಲ್ಲರೂ ಸೇರಿದರೆ ಮೈರಂಬೆಕ್‌ಗೆ ಡಬ್ಬಿ ಪುಕ್ಕಟೆ ಎಂಬುದು ಮಾತ್ರ ಅವನ ಮುಖದಲ್ಲೇ ಬರೆದಿತ್ತು.

"ಆ ಮನುಷ್ಯನಿಗೆ ಡಬ್ಬಿ ತಗೊಂಡು ನಮ್ಮನೆಗೆ ಬರೋಕೆ ಹೇಳು," ಎಂದಳು ಜೂರಾ. "ಸಂಜೆ ಏಳಕ್ಕೆ."

"ಮಧ್ಯಾಹ್ನ ಬಂದ್ರಾಗಲ್ವಾ?"

"ಮಧ್ಯಾಹ್ನ ಯಾರಿರ್ತಾರೆ ಮನೇಲಿ? ಬೀದಿ ಸಾಕಾಗತ್ತಾ ಅಂತ ಸಂತೆ ದಿನ ನೋಡ್ಬೇಕು, ಖಾಲಿ ದಿನ ಅಲ್ಲ."

ಏಳಕ್ಕೆ ಇಬ್ಬರೂ ಬಂದರು. ಜೂರಾ ಚಹಾ ಕೊಟ್ಟಳು, ಬೇಕಾದ ಅತಿಥಿಗಳಿಗೆ ಜೊತೆಗಿಡುವ ಜಾಮ್ ಇಡಲಿಲ್ಲ. ಮಾರಾಟಗಾರ ಡಬ್ಬಿಯನ್ನು ಅಡುಗೆಮನೆಯ ಕಿಟಕಿಯಲ್ಲಿಟ್ಟು ಫೋನಿನಲ್ಲಿ ವೇಗ ಅಳೆದ. ಮುಳ್ಳು ಎದ್ದಿತು, ತಡವರಿಸಿತು, ಬಿದ್ದುಹೋಯಿತು. ಬರುವುದು ಹದಿನಾಲ್ಕು ಮೆಗಾಬಿಟ್. ಹೋಗುವುದು ಒಂದೂ ಇಲ್ಲ. ಅವನು ಫೋನನ್ನು ಕೆಮ್ಮಿನ ಔಷಧಿಯ ಬಾಟಲಿಯಂತೆ ಅಲ್ಲಾಡಿಸಿ ಮತ್ತೆ ಅಳೆದ. ಈ ಸಲ ಹನ್ನೊಂದು.

"ಕಿಟಕಿ ಗಾಜು ಒರೆಸಿಲ್ಲ, ಅದಕ್ಕೇ," ಎಂದ ಮೈರಂಬೆಕ್ ಗಂಭೀರವಾಗಿ.

ಜೂರಾ ಅವನನ್ನು ಕೊಳೆತ ಈರುಳ್ಳಿ ನೋಡುವಂತೆ ನೋಡಿದಳು. "ಬಜಾರಿನ ಹಿಂದೆ ಇರೋದು ಒಂದೇ ಮೊಬೈಲ್ ಗೋಪುರ. ನಿಮ್ಮ ಹದಿನಾಲ್ಕು ಡಬ್ಬಿ, ಅರ್ಧ ಊರಿನ ಫೋನು, ಎಲ್ಲಾ ಅದರ ಬಾಯಿಗೇ ಕೈ ಹಾಕ್ತವೆ. ಸಂಜೆ ಎಲ್ಲರೂ ಮನೆಗೆ ಬಂದ್ಮೇಲೆ ಯಾರಿಗೂ ಹೊಟ್ಟೆ ತುಂಬಲ್ಲ. ಇಷ್ಟನ್ನೂ ತಿಳ್ಕೊಳ್ದೆ ಮಾರೋಕೆ ಬಂದಿದೀಯಲ್ಲ ತಮ್ಮಾ, ನಾಚಿಕೆ ಆಗಲ್ವಾ?"

ಮಾರಾಟಗಾರ ಕಿವಿಯವರೆಗೂ ಕೆಂಪಾದ. ಮೈರಂಬೆಕ್ ಮಾತ್ರ ಚಹಾ ಹೀರಿ, "ಅಲ್ಲಾ ಎಜೆ, ಒಬ್ಬ ಕಿವುಡಿ ಜೊತೆ ಮಾತಾಡೋಕೆ ಇಷ್ಟೆಲ್ಲಾ ಯಾಕೆ? ಒಂದು ಕಾಗದ ಬರೆದ್ರಾಯ್ತು," ಎಂದ.

ಜೂರಾ ಅವನ ಕೈಯಿಂದ ಲೋಟ ಕಿತ್ತುಕೊಂಡಳು. ಅರ್ಧ ಚಹಾ ಇನ್ನೂ ಇತ್ತು. "ಬಾಗಿಲು ಆ ಕಡೆ," ಎಂದಳು.

ಮರುದಿನ ಚಪ್ಪಲಿ ಅಂಗಡಿಯ ಪಕ್ಕದ ಪುಟ್ಟ ಕಚೇರಿಗೆ ಹೋದಳು. ಇಬ್ಬರೇ ಸೇರಿ ನಡೆಸುತ್ತಿದ್ದ ಕಂಪನಿ. ಗಾಜಿನೆಳೆಯ ತಂತಿಯನ್ನು, ಅಂದರೆ ಫೈಬರನ್ನು, ಮನೆಯೊಳಗಿನವರೆಗೂ ಎಳೆಯುತ್ತಿದ್ದರು. ಐವತ್ತು ಮೆಗಾಬಿಟ್ ಅಷ್ಟೇ, ಆದರೆ ಬರುವುದೂ ಅಷ್ಟೇ, ಹೋಗುವುದೂ ಅಷ್ಟೇ. ಬೇಡವೆನಿಸಿದರೆ ಯಾವ ತಿಂಗಳಾದರೂ ಬಿಡಬಹುದು. ಒಂದು ಎಳೆಯನ್ನು ಎಷ್ಟು ಮನೆ ಹಂಚಿಕೊಳ್ಳುತ್ತವೆ ಎಂದು ಅವಳು ಕೇಳಿದ್ದಕ್ಕೆ, ಕನ್ನಡಕದ ದಪ್ಪ ಮನುಷ್ಯ, "ನಿಮ್ಮ ಬೀದಿದು ಗೊತ್ತಿಲ್ಲ, ನೋಡ್ಕೊಂಡು ಹೇಳ್ತೀನಿ," ಎಂದ. ಮಾರನೆಯ ದಿನ ಬಂದು ಹೇಳಿಯೂ ಹೇಳಿದ. ಗೊತ್ತಿಲ್ಲ ಎನ್ನಬಲ್ಲ ಗಂಡಸನ್ನು ಜೂರಾ ನಿವೃತ್ತಿಯಾದ ಮೇಲೆ ನೋಡಿರಲೇ ಇಲ್ಲ.

ಮೆಟ್ಟಿಲ ಗೋಡೆಗೆ ಹೊಸ ಬಣ್ಣ ಹೊಡೆದಿದೆ, ಕೊರೆಯಕೂಡದು ಎಂದು ಮೈರಂಬೆಕ್ ಅಡ್ಡ ನಿಂತ. ಜೂರಾ ತನ್ನ ಹಳೇ ಡ್ರಿಲ್ ತಂದು ಅವನ ಕಣ್ಣೆದುರೇ ತೂತು ಕೊರೆದಳು. ಅವನ ಟೋಪಿಯ ಮೇಲೆ ಸುಣ್ಣದ ಪುಡಿ ಬಿತ್ತು. ಒರೆಸಿಕೋ ಎಂದೂ ಅವಳು ಹೇಳಲಿಲ್ಲ.

ಎರಡೇ ವಾರದಲ್ಲಿ ಸಂಜೆಯಾದರೆ ಮೆಟ್ಟಿಲ ತುಂಬ ಬಿಳಿ ಡಬ್ಬಿಗೆ ಬೈಗುಳ ಕೇಳತೊಡಗಿತು. ಒಪ್ಪಂದ ಮುರಿದರೆ ದಂಡವಿತ್ತು, ಸಣ್ಣ ಅಕ್ಷರದಲ್ಲಿ. ತೂತು ಕೊರೆಯಬೇಡಿ ಎಂದವನೇ ಬಂದು ಗಾಜಿನೆಳೆಯವರ ನಂಬರ್ ಕೇಳಿದ. ಅವಳು ಹರಿದ ಕಾಗದದ ಚೂರಿನ ಮೇಲೆ ಬರೆದು, ಬಾಗಿಲ ಸಂದಿಯಿಂದ ನೀಡಿ, ಅವನು ಬಾಯಿ ತೆರೆಯುವ ಮೊದಲೇ ಬಾಗಿಲು ಹಾಕಿದಳು.

ಒಳಗೆ ಫೋನಿನ ಪರದೆಯಲ್ಲಿ ಉಪೆಲ್ ಕಾಯುತ್ತಿದ್ದಳು. ತಂತಿ ಬಂದ ಮೇಲೆ ಇಬ್ಬರೂ ಬಿಡುವಾಗಿ ಕೂತದ್ದು ಅಂದೇ ಮೊದಲು. ಚಿತ್ರ ಎಷ್ಟು ತಿಳಿಯಾಗಿತ್ತೆಂದರೆ ತಂಗಿಯ ಬೆರಳಿಗಂಟಿದ ಕೆಂಪು ಉಣ್ಣೆಯ ಎಳೆ ಕೂಡ ಕಾಣುತ್ತಿತ್ತು. ಜೂರಾ ಮೈರಂಬೆಕ್‌ನ ಕಥೆಯನ್ನೆಲ್ಲ ಎರಡು ಕೈಯಲ್ಲೂ ಸುರಿದಳು: ಡಬ್ಬಿ, ಕಿಟಕಿ ಗಾಜು, ಟೋಪಿ. ಉಪೆಲ್ ನಗಲಿಲ್ಲ. ಹುಬ್ಬು ಗಂಟಿಕ್ಕಿ ನೋಡುತ್ತ ಕೂತಳು.

'ಯಾಕೆ? ಚಿತ್ರ ನಿಲ್ತಾ ಇದೆಯಾ?' ಎಂದು ಕೈಯಲ್ಲೇ ಕೇಳಿದಳು ಜೂರಾ.

'ಇಲ್ಲ. ಎಲ್ಲಾ ಚೆನ್ನಾಗಿ ಕಾಣ್ತಿದೆ,' ಎಂದವು ಉಪೆಲಳ ಬೆರಳುಗಳು. 'ಇಷ್ಟು ದಿನ ಲೈನ್ ಕೆಟ್ಟಿದೆ ಅಂದ್ಕೊಂಡಿದ್ದೆ. ಕೆಟ್ಟಿರೋದು ನಿನ್ನ ಕೈ. ಕೈಗವಸು ಹಾಕ್ಕೊಂಡ ಕರಡಿ ಥರ ಮಾತಾಡ್ತೀಯ. ಅಮ್ಮ ಹೋದ್ಮೇಲೆ ತಿದ್ದೋರಿಲ್ಲ ಅಂತ ಹೀಗೆ ಸೋಮಾರಿ ಆಗೋದಾ? ಆ ಮನುಷ್ಯ ಡಬ್ಬಿ ಮಾರಿದ್ನೋ, ಕುದುರೆ ನುಂಗಿದ್ನೋ, ನಂಗೊಂದೂ ತಿಳೀಲಿಲ್ಲ.'

ಜೂರಾಳ ಮುಖ ಬಿಸಿಯಾಯಿತು. ಯಾರಾದರೂ ತನ್ನನ್ನು ಹಾಗೆ ನೋಡಿ ಎಷ್ಟೋ ವರ್ಷವಾಗಿತ್ತು. ತಾನು ಇಡೀ ಕಟ್ಟಡವನ್ನು ನೋಡುವ ನೋಟ ಅದು. ತಿರುಗಿಸಿ ಏನಾದರೂ ಹೇಳಬೇಕೆಂದು ಕೈ ಎತ್ತಿದಳು. ಹೇಳಿದರೂ ತಪ್ಪಾಗಿಯೇ ಹೇಳುತ್ತೇನೇನೋ ಎನಿಸಿ ಕೈ ಅಲ್ಲೇ ನಿಂತಿತು.

'ಮೊದಲಿಂದ ಹೇಳು. ಮೊಣಕೈ ಮೇಲೆತ್ತು,' ಎಂದಳು ಉಪೆಲ್.

ಜೂರಾ ಮೊಣಕೈ ಎತ್ತಿ ಶುರುಮಾಡಿದಳು. ಉಪೆಲ್ ತಲೆ ಅಲ್ಲಾಡಿಸಿದಳು.

'ಥೂ. ಇನ್ನೊಂದ್ಸಲ.'