ಹದಿನೇಳನೆಯ ವಿಳಾಸದ ಹಕ್ಕಿಗಳು

ಮಾಸಿತಾ ಊರಿಗೆಲ್ಲ ‘ಅಚಿಲ್’, ಅಂದರೆ ಚಿಕ್ಕಮ್ಮ. ಆಕೆ ಕಟ್ಟಿಸಿದ ನಾಲ್ಕಂತಸ್ತಿನ ಗೋಪುರಕ್ಕೆ ಊರವರು ‘ಜಿನ್ನುಗಳ ಹೋಟೆಲು’ ಎಂದು ಹೆಸರಿಟ್ಟು ನಗುತ್ತಿದ್ದರು. ಮೂರು ವರ್ಷವಾದರೂ ಒಂದೇ ಒಂದು ವಾಲೆತ್ ಹಕ್ಕಿ ಅದರೊಳಗೆ ಗೂಡು ಕಟ್ಟಿರಲಿಲ್ಲ. ಮೆಂತಾಯ ನದಿಯ ದಂಡೆಯ ಆ ಊರಿನಲ್ಲಿ ಮನುಷ್ಯರ ಮನೆಗಿಂತ ಹಕ್ಕಿಗಳ ಮನೆ ಎತ್ತರ. ಕಿಟಕಿಯಿಲ್ಲದ ಪ್ರತಿ ಗೋಪುರದ ನೆತ್ತಿಯಲ್ಲೂ ಒಂದು ಧ್ವನಿಪೆಟ್ಟಿಗೆ ಚಿಲಿಪಿಲಿಗುಟ್ಟುತ್ತದೆ. ಹಕ್ಕಿ ಮರುಳಾಗಿ ಬಂದು ಎಂಜಲಿನಲ್ಲಿ ಗೂಡು ಕಟ್ಟುತ್ತದೆ. ಸೂಪು ಮಾಡಿ ಕುಡಿಯುವವರು ಆ ಗೂಡಿಗೆ ಬೆಳ್ಳಿಯ ಬೆಲೆ ಕೊಡುತ್ತಾರೆ. ಸೂರು ಯಾರದೋ ಗೂಡೂ ಅವರದು, ಅದು ಕಟ್ಟಳೆ.

ಮಗಳ ಬಾಣಂತನಕ್ಕೆಂದು ಬಂಜರ್‌ಮಾಸಿನ್ ಪಟ್ಟಣಕ್ಕೆ ಹೊರಟ ಅಚಿಲ್‌ಗೆ, ಅಲ್ಲಿಂದಲೇ ಫೋನಿನಲ್ಲಿ ಹಕ್ಕಿ ಕರೆಯುವ ಏರ್ಪಾಡು ಮಾಡಿಕೊಟ್ಟವನು ಊರಿನ ಇಂಟರ್ನೆಟ್ ನೋಡಿಕೊಳ್ಳುವ ಜುಮ್ರಿ. ಆ ಇಂಟರ್ನೆಟ್ಟೆಲ್ಲ ಗ್ರಾಮ ಕಚೇರಿಯಲ್ಲಿ ಕಾವಲು ಕೂತ ಫೈರ್‌ವಾಲ್ ಪೆಟ್ಟಿಗೆಯ ಮೂಲಕ ಹಾಯುತ್ತದೆ. ಹೊರಗಿನವರಿಗೆ ಇಡೀ ಊರಿಗೆ ಒಂದೇ ವಿಳಾಸ. ‘ಎಂಟನೇ ಬಾಗಿಲು ತಟ್ಟಿದವರನ್ನು ಒಳಗಿನ ಹದಿನೇಳನೇ ವಿಳಾಸಕ್ಕೆ ಕಳಿಸು’ ಎಂದು ಅವನು ಆ ಪೆಟ್ಟಿಗೆಗೆ ಅಪ್ಪಣೆ ಬರೆದಿದ್ದ. ಹದಿನೇಳು ಎಂದರೆ ಅಚಿಲ್‌ಳ ಧ್ವನಿಪೆಟ್ಟಿಗೆ. ತೊಂಬತ್ತು ದಿನ ಸಂಜೆ ಐದಕ್ಕೆ ಆಕೆ ಫೋನಿನಲ್ಲಿ ಗುಂಡಿ ಒತ್ತಿದಳು, ಫೋನು ‘ಹಾಡುತ್ತಿದೆ’ ಎಂದಿತು. ಊರಿಗೆ ಮರಳಿ ಗೋಪುರ ತೆರೆದರೆ ಒಂದು ಹಿಕ್ಕೆಯೂ ಇಲ್ಲ.

“ಲೋ ಜುಮ್ರಿ, ತೊಂಬತ್ತು ಸಲ ಕರೆದಿದೀನಿ ಕಣೋ. ನನ್ನ ಗಂಡನ್ನೂ ಊಟಕ್ಕೆ ಇಷ್ಟು ಸಲ ಕರೆದಿಲ್ಲ!”

ಜುಮ್ರಿ ಪರೀಕ್ಷೆಗಿಳಿದ. ಊರೊಳಗೇ ನಿಂತು ಊರಿನ ಬಾಗಿಲು ತಟ್ಟಿದರೆ ಆ ಫೈರ್‌ವಾಲ್ ಪೆಟ್ಟಿಗೆ ಜಪ್ಪಯ್ಯ ಅಂದರೂ ತೆಗೆಯುವುದಿಲ್ಲ, ಹೊರಗಿನಿಂದಲೇ ತಟ್ಟಬೇಕು. ದೋಣಿ ಹತ್ತಿ ಆಚೆ ದಡಕ್ಕೆ ಹೋದ. ತಟ್ಟುವ ಜಾಗದಲ್ಲಿ ಹಾಡು ಕೇಳಿಸದು, ಕೇಳಿಸುವ ಜಾಗದಲ್ಲಿ ತಟ್ಟಲಾಗದು. ಗೋಪುರದ ಬುಡದಲ್ಲಿ ನಿಂತಿದ್ದ ಅಚಿಲ್‌ಗೆ ಫೋನು ಮಾಡಿದ.

“ಕೂಗ್ತಿದೆಯಾ ಅಚಿಲ್?”

“ಕೂಗ್ತಿದೆ!”

“ಈಗ ನಿಲ್ಲಿಸಿದೆ.”

“ಈಗ್ಲೂ ಕೂಗ್ತಿದೆ!”

“ಹಾಗಾದ್ರೆ ಅದು ಪಕ್ಕದ ಹಾಜಿ ಬಕೇರಿಯವರದು.”

“ಚಿಲಿಪಿಲಿ ಮೇಲೆ ಹೆಸರು ಬರೆದಿರುತ್ತೇನೋ?”

ಮೂರು ಸಲ ನದಿ ದಾಟಿ ಸೊಂಟ ಹಿಡಿದ ಮೇಲೆ ಜುಮ್ರಿಗೆ ಉಳಿದದ್ದು ಒಂದೇ ದಾರಿ: ಹತ್ತು ನಿಮಿಷ ಊರಿನ ಎಲ್ಲ ಗೋಪುರಗಳ ಬಾಯಿ ಮುಚ್ಚಿಸುವುದು.

“ಅಷ್ಟರಲ್ಲಿ ನನ್ನ ಹಕ್ಕಿ ಮನಸ್ಸು ಬದಲಾಯಿಸಿದ್ರೆ ನೀನು ಬಂದು ಗೂಡು ಕಟ್ತೀಯೇನೋ?” ಎಂದು ಹಾಜಿ ಬಕೇರಿ ಗದರಿದರು. ಅಚಿಲ್ ಅವರ ಜಗಲಿಯಲ್ಲಿ ಕೂತವಳು ಒಪ್ಪುವತನಕ ಏಳಲಿಲ್ಲ.

ಈ ಸಲ ದೋಣಿಯವನ ಕೈಗೆ ಫೋನು ಕೊಟ್ಟು ಆಚೆ ಕಳಿಸಿ, ಜುಮ್ರಿ ಊರಲ್ಲೇ ಉಳಿದ. ಐದು ಗಂಟೆಗೆ ಊರು ಮೌನವಾಯಿತು. ಇಪ್ಪತ್ತು ವರ್ಷದಲ್ಲಿ ಅಂಥ ಮೌನವನ್ನು ಯಾರೂ ಕೇಳಿರಲಿಲ್ಲ. ಕೂಸುಗಳು ಅಳತೊಡಗಿದವು. ಮುದುಕನೊಬ್ಬ ಪ್ರಳಯ ಬಂತೆಂದು ಕೈಕಾಲು ತೊಳೆದು ಪ್ರಾರ್ಥನೆಗೆ ನಿಂತ. ಆಗ ಕೇಳಿಸಿತು ಚಿಲಿಪಿಲಿ, ಗ್ರಾಮ ಕಚೇರಿಯ ಅಟ್ಟದಿಂದ.

ಕರೆಂಟು ಹೋಗಿ ಬಂದ ಯಾವುದೋ ದಿನ ಫೈರ್‌ವಾಲ್ ಪೆಟ್ಟಿಗೆ ಒಳವಿಳಾಸಗಳನ್ನು ಹೊಸದಾಗಿ ಹಂಚಿತ್ತು. ಹದಿನೇಳು ಹೋದದ್ದು ಕಚೇರಿಯ ಪ್ರಕಟಣೆ ಸಾರುವ ಧ್ವನಿಪೆಟ್ಟಿಗೆಗೆ. ಅದೂ ಅಚಿಲ್‌ಳದೂ ಒಂದೇ ಅಂಗಡಿಯ ಒಂದೇ ಮಾಲು. ಹಾಡು ಎಂದರೆ ಹಾಡಿತು. ಕಚೇರಿ ಮುಚ್ಚುವುದು ನಾಲ್ಕಕ್ಕೆ. ಆಮೇಲೆ ಕೇಳಿದವರಾದರೂ ಆ ಊರಿನಲ್ಲಿ ಚಿಲಿಪಿಲಿಗೆ ತಲೆ ಎತ್ತುವವರೇ? ಹಗಲು ಮೇಲಿಂದ ಬೀಳುವ ಹಿಕ್ಕೆಗೆ ಹಲ್ಲಿಯನ್ನು ಬೈಯುತ್ತ ಗುಮಾಸ್ತರು ಕೊಡೆ ಹಿಡಿದು ಬರೆಯುತ್ತಿದ್ದರು.

ಹಲಗೆ ಸರಿಸಿದರೆ ತೊಲೆತೊಲೆಗೂ ಬೆಳ್ಳನೆ ಗೂಡು.

“ಸೂರು ಸರ್ಕಾರದ್ದು, ಗೂಡೂ ಸರ್ಕಾರದ್ದು,” ಎಂದರು ಊರೆಲ್ಲ ‘ಪಾಕ್’, ಅಂದರೆ ಅಯ್ಯ, ಎಂದು ಕರೆಯುವ ಗ್ರಾಮದ ಮುಖ್ಯಸ್ಥ ದರ್ಮನ್.

“ಕರೆದವಳು ನಾನು, ಪಾಕ್!”

“ಜಗಳ ಯಾಕೆ? ಒಂದು ಸಾಲು ತಿದ್ದಿದ್ರೆ ಹಾಡು ಅಚಿಲ್ ಗೋಪುರಕ್ಕೆ ಹೋಗುತ್ತೆ,” ಎಂದ ಜುಮ್ರಿ.

“ಮುಟ್ಟಬೇಡ!” ಎಂದು ಇಬ್ಬರೂ ಒಟ್ಟಿಗೆ ಕಿರುಚಿದರು. ಹಾಡು ಹೋದೀತು, ಗೂಡು ಕಟ್ಟಿದ ಹಕ್ಕಿ ಅದರ ಹಿಂದೆ ಹೋಗುವುದಿಲ್ಲ; ಹಾಡು ನಿಂತರೆ ಬೆದರಿ ಬೇರೆ ಊರಿಗೇ ಹಾರೀತು. ಅಚಿಲ್ ಹಿಕ್ಕೆಯ ನೆಲದ ಮೇಲೇ ಕುಸಿದು ಬಿಕ್ಕಿ ಬಿಕ್ಕಿ ಅತ್ತಳು.

ಅತ್ತು ಮುಗಿಸಿ ಆಕೆ ಮೂಗೊರೆಸಿಕೊಂಡಳು. “ಸೂರಿಗೆ ಸೂರು ಕೊಡ್ತೀನಿ, ಪಾಕ್. ನನ್ನದು ನಾಲ್ಕಂತಸ್ತು.”

ಪಾಕ್ ದರ್ಮನ್ ಹೊರಗೆ ಬಂದು ಅವಳ ಗೋಪುರವನ್ನು ಕತ್ತೆತ್ತಿ ನೋಡಿದರು. ಪಕ್ಕದೂರಿನ ಕಚೇರಿಗೆ ಇರುವುದು ಎರಡೇ ಅಂತಸ್ತು ಎಂಬುದು ಅವರ ನೆನಪಿಗೆ ಬಂತು.

ಸೋಮವಾರದಿಂದ ಗ್ರಾಮದ ಆಡಳಿತ ಅಚಿಲ್‌ಳ ಕಿಟಕಿಯಿಲ್ಲದ ಗೋಪುರದಲ್ಲಿ ನಡೆಯತೊಡಗಿತು. ಅಂದೇ ಒಬ್ಬಾತ ಎಳೆಗೂಸಿನ ಜನನಪತ್ರಕ್ಕೆಂದು ಹಳೆಯ ಕಚೇರಿಯ ಬಾಗಿಲಿಗೆ ಬಂದ. ಅಚಿಲ್ ತುಟಿಗೆ ಬೆರಳಿಟ್ಟು ಹೊರಗೆ ಬಂದಳು. ಮೂರು ವರ್ಷದಲ್ಲಿ ಜುಮ್ರಿ ಕಾಣದ ನಗು ಅವಳ ಮುಖದಲ್ಲಿತ್ತು.

“ಶ್, ಮೆಲ್ಲಗೆ! ಮೊಟ್ಟೆ ಇಟ್ಟಿವೆ. ಇಲ್ಲಿ ಹಕ್ಕಿ ಹುಟ್ಟಿದ್ದು ಮಾತ್ರ ಬರ್ಕೊಳ್ಳೋದು. ಮನುಷ್ಯರದ್ದಾದ್ರೆ ಆ ಗೋಪುರಕ್ಕೆ ಹೋಗಪ್ಪಾ. ಹೋಗ್ತಾ ಟಾರ್ಚ್ ಮರೀಬೇಡ.”